ಕಪ್ಪತಗುಡ್ಡದ ಗಾಳಿ ಯಾರದು?

ಗದಗದಿಂದ ಮುಂಡರಗಿಗೆ ಹೋಗುವ ಬಸ್ಸು ಹತ್ತಿದರೆ ಬಲಗಡೆಯ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಊರು ದಾಟಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಎರೆಭೂಮಿಯ ಹೊಲಗಳ ಆಚೆ ಉದ್ದಕ್ಕೆ ಮಲಗಿದ ಗುಡ್ಡದ ಸಾಲೊಂದು ಕಾಣಿಸುತ್ತದೆ. ಅದೇ ಕಪ್ಪತಗುಡ್ಡ. ಗದಗದ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಸುಮಾರು 60 ಕಿಲೋಮೀಟರ್ ಉದ್ದದ ಸಾಲು. ಔಷಧಿ ಗಿಡಮೂಲಿಕೆಗಳಿಗೆ ಹಳೆಯ ಕಾಲದಿಂದ ಹೆಸರಾದ ಗುಡ್ಡ ಇದು. ಚಿನ್ನದ ಗಣಿಗಾರಿಕೆ ಬೇಡವೆಂದು ಇಲ್ಲಿನ ಜನ ಜಾತಿ ಮತ ನೋಡದೆ ಒಟ್ಟಾಗಿ ಹೋರಾಡಿದ್ದೂ ನಿಮಗೆ ನೆನಪಿರಬಹುದು. ಆದರೆ ಇಂದು ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುವುದು ಗಿಡಮೂಲಿಕೆಯೂ ಅಲ್ಲ, ಚಿನ್ನವೂ ಅಲ್ಲ. ಗುಡ್ಡದ ಬೆನ್ನಿನ ಮೇಲೆ ಸಾಲಾಗಿ ನಿಂತು ಮೂರು ರೆಕ್ಕೆ ತಿರುಗಿಸುತ್ತಿರುವ ಬಿಳಿ ಯಂತ್ರಗಳು. ಪುಸ್ತಕದಲ್ಲಿ ಇವಕ್ಕೆ ಪವನ ವಿದ್ಯುತ್ ಯಂತ್ರ ಎಂಬ ಹೆಸರು. ಇಲ್ಲಿನವರು ಸರಳವಾಗಿ 'ಫ್ಯಾನ್' ಅನ್ನುತ್ತಾರೆ.

ಆ ಹೆಸರಿಗೆ ನಗಬೇಡಿ, ಅದರಲ್ಲೇ ಅರ್ಧ ಪಾಠವಿದೆ. ನಮ್ಮ ಮನೆಯ ಸೀಲಿಂಗ್ ಫ್ಯಾನ್ ಕರೆಂಟು ತಿಂದು ಗಾಳಿ ಕೊಡುತ್ತದೆ. ಗುಡ್ಡದ ಮೇಲಿನದು ಗಾಳಿ ತಿಂದು ಕರೆಂಟು ಕೊಡುತ್ತದೆ. ಕೆಲಸ ಒಂದೇ, ದಿಕ್ಕು ಉಲ್ಟಾ.

ಮುಂಡರಗಿಯಲ್ಲಿ ನಮ್ಮ ಖಾಲಾನ ಮನೆ ಇದೆ. ಕಳೆದ ಮಳೆಗಾಲದಲ್ಲಿ ಮಕ್ಕಳ ಜೊತೆ ಅಲ್ಲಿಗೆ ಹೋಗಿದ್ದಾಗ ಡಂಬಳ, ಡೋಣಿಗಳ ಕಡೆ ಎರಡು ದಿನ ಸುತ್ತಾಡಿದೆವು. ಹೊಲಗಳಲ್ಲಿ ಹೆಸರು ಮತ್ತು ಮೆಕ್ಕೆಜೋಳ, ಕೆಲವೆಡೆ ಆಗಷ್ಟೇ ಎದ್ದ ಈರುಳ್ಳಿ. ಮಳೆಗಿಂತ ಗಾಳಿಯೇ ಜಾಸ್ತಿ. ಬುರ್ಖಾದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕು, ಮಾತಾಡಿದರೆ ಅರ್ಧ ಮಾತು ಗಾಳಿಗೇ ಹೋಗುತ್ತದೆ. ಕಪ್ಪತಗುಡ್ಡದ ಎತ್ತರದ ಜಾಗವೊಂದಕ್ಕೆ ಗಾಳಿಗುಂಡಿ ಎಂದೇ ಹೆಸರು. ಯಂತ್ರಗಳು ಬರುವ ಎಷ್ಟೋ ಮೊದಲು ದನ ಕಾಯುವವರಿಗೆ ಇದು ಗಾಳಿಯ ಊರೆಂದು ಗೊತ್ತಿತ್ತು.

ಗೋಪುರವೊಂದರ ಬುಡದಲ್ಲಿ ಕೆಲಸಕ್ಕಿದ್ದ ಹುಡುಗ ಧಾರವಾಡದಲ್ಲಿ ಡಿಪ್ಲೊಮಾ ಓದಿದವನು. "ಬರ್ರಿ ಟೀಚರ್ರ, ಬಾಗಲಾ ತನಕ ಬರ್ರಿ. ಒಳಗ ಬಿಡಾಕ ನಮಗ ಪರ್ಮಿಷನ್ ಇಲ್ರಿ" ಎಂದು ಬಾಗಿಲು ತೆರೆದು ತೋರಿಸಿದ. ಗೋಪುರದ ಒಳಗೆಲ್ಲ ಟೊಳ್ಳು. ಉಕ್ಕಿನ ದೊಡ್ಡ ಕೊಳವೆ, ಒಳಗೋಡೆಗೆ ಹಚ್ಚಿದ ಏಣಿ, ಮೇಲಿಂದ ಇಳಿದು ಬಂದ ದಪ್ಪ ಕೇಬಲ್. ಆ ಏಣಿ ಹತ್ತಿಯೇ ಇವರು ರಿಪೇರಿಗೆ ಹೋಗಬೇಕು. "ಮಧ್ಯಾಹ್ನ ಬುತ್ತಿ ಮ್ಯಾಲೇನ ಉಣ್ಣೂದ್ರಿ, ಇಳಿದು ಹತ್ತೂದು ಆಗಂಗಿಲ್ಲ" ಎಂದು ನಕ್ಕ.

ಅವನು ವಿವರಿಸಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಗಾಳಿ ರೆಕ್ಕೆಯನ್ನು ಸುಮ್ಮನೆ ತಳ್ಳುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ರೆಕ್ಕೆಯ ಆಕಾರ ವಿಮಾನದ ರೆಕ್ಕೆಯಂತೆ ಒಂದು ಕಡೆ ಉಬ್ಬಿಕೊಂಡಿರುತ್ತದೆ. ಗಾಳಿ ಅದರ ಎರಡೂ ಮಗ್ಗುಲಲ್ಲಿ ಬೇರೆ ಬೇರೆ ವೇಗದಲ್ಲಿ ಹರಿಯುತ್ತದೆ. ಒಂದು ಕಡೆ ಒತ್ತಡ ಕಡಿಮೆ, ಇನ್ನೊಂದು ಕಡೆ ಹೆಚ್ಚು. ವಿಮಾನವನ್ನು ಮೇಲೆತ್ತುವ ಅದೇ ಬಲ ಇಲ್ಲಿ ರೆಕ್ಕೆಯನ್ನು ತಿರುಗಿಸುತ್ತದೆ. ರೆಕ್ಕೆ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ಮಾತ್ರ ಸುತ್ತುವುದರಿಂದ ಸೋಮಾರಿಯಂತೆ ಕಾಣುತ್ತದೆ. ಗೋಪುರದ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳಿದ್ದು, ಆ ನಿಧಾನದ ಸುತ್ತನ್ನು ಸಾವಿರಕ್ಕೂ ಹೆಚ್ಚು ಸುತ್ತಾಗಿ ಮಾಡಿ ಜನರೇಟರಿಗೆ ಕೊಡುತ್ತವೆ. ಹಲ್ಲುಚಕ್ರವೇ ಇಲ್ಲದೆ, ಅಗಲವಾದ ಜನರೇಟರನ್ನು ನೇರವಾಗಿ ತಿರುಗಿಸುವ ಯಂತ್ರಗಳೂ ಇವೆ. ಗಾಳಿ ದಿಕ್ಕು ಬದಲಿಸಿದರೆ ಮೋಟಾರು ಇಡೀ ತಲೆಯನ್ನೇ ಗಾಳಿಯ ಕಡೆಗೆ ಹೊರಳಿಸುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗದ ಗಾಳಿ ಬಂದರೆ ಯಂತ್ರ ಎಚ್ಚರಗೊಳ್ಳುತ್ತದೆ. 25 ಮೀಟರ್ ಆಸುಪಾಸಿಗೆ ಹೋದರೆ ರೆಕ್ಕೆಗಳನ್ನು ಗಾಳಿಗೆ ಅಂಚು ಮಾಡಿಕೊಂಡು ತಾನೇ ನಿಂತುಬಿಡುತ್ತದೆ. ಬಿರುಗಾಳಿಯಲ್ಲಿ ಹೆಚ್ಚು ಕರೆಂಟು ಸಿಗುತ್ತದೆಂಬ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಲೆಕ್ಕ ಕೇಳಿ, ಇದು ನನಗೆ ಬಹಳ ಇಷ್ಟವಾಯಿತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಗುಡ್ಡದ ನೆತ್ತಿಯನ್ನೇ ಹುಡುಕಿ ಯಂತ್ರ ನಿಲ್ಲಿಸುವುದು ಇದಕ್ಕೇ. ಹೊಸ ಯಂತ್ರಗಳನ್ನು ಎತ್ತರ ಮಾಡುತ್ತಲೇ ಹೋಗುವುದೂ ಇದಕ್ಕೇ. ಬಿಜಾಪುರದ ಗೋಲ್ ಗುಂಬಜ್ ಸುಮಾರು 51 ಮೀಟರ್ ಎತ್ತರ, ದೆಹಲಿಯ ಕುತುಬ್ ಮಿನಾರ್ ಸುಮಾರು 73 ಮೀಟರ್. ಈಗ ಬರುತ್ತಿರುವ ಯಂತ್ರಗಳಲ್ಲಿ ಗೋಪುರವೇ 140 ಮೀಟರಿನವರೆಗೆ ಹೋಗುತ್ತದೆ, ಅದರ ಮೇಲೆ ರೆಕ್ಕೆಯ ಉದ್ದ ಬೇರೆ. ಆದರೂ ಗಾಳಿಯ ಪೂರ್ತಿ ಶಕ್ತಿಯನ್ನು ಯಾವ ಯಂತ್ರವೂ ಹಿಡಿಯಲಾರದು. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನ ಗಾಳಿಗೆ ದಾರಿ ಇರುವುದಿಲ್ಲ. ನೂರರಲ್ಲಿ 59 ಪಾಲಿಗಿಂತ ಹೆಚ್ಚು ತೆಗೆಯಲು ಸಾಧ್ಯವಿಲ್ಲವೆಂದು ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದರು. ಉಳಿದ ಪಾಲನ್ನು ಮುಂದಕ್ಕೆ ಬಿಡಲೇಬೇಕು.

ಗಾಳಿಯ ವಿಷಯ ಬಂದಾಗ ಮದ್ರಸಾದಲ್ಲಿ ಓದಿದವರಿಗೆ ಬೇರೆ ಕೆಲವು ಸಂಗತಿಗಳೂ ನೆನಪಾಗುತ್ತವೆ. ಕುರ್‌ಆನ್ ಗಾಳಿಗಳ ಚಲನೆಯನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಎಣಿಸಿದೆ. ಕರುಣೆಯ ಗಾಳಿಯನ್ನು ಹೆಚ್ಚಾಗಿ 'ರಿಯಾಹ್' ಎಂದು ಬಹುವಚನದಲ್ಲಿ, ಶಿಕ್ಷೆಯ ಗಾಳಿಯನ್ನು ಹೆಚ್ಚಾಗಿ 'ರೀಹ್' ಎಂದು ಏಕವಚನದಲ್ಲಿ ಹೇಳಲಾಗಿದೆಯೆಂದು ನಮ್ಮ ಉಸ್ತಾದರು ಪಾಠ ಮಾಡುತ್ತಿದ್ದರು. ಆದ್ ಜನಾಂಗವನ್ನು ನಾಶ ಮಾಡಿದ್ದೂ ಗಾಳಿಯೇ, ಸುಲೈಮಾನ್(ಅ)ರಿಗೆ ವಶಪಡಿಸಿ ಕೊಟ್ಟದ್ದೂ ಗಾಳಿಯನ್ನೇ. ನಾವು ದಿನಾ ಆಡುವ 'ಹವಾಮಾನ'ದ ಹವಾ ಅರಬಿ ಮೂಲದ್ದು. 'ಮಾನ್ಸೂನ್' ಕೂಡ ಅರಬಿಯ 'ಮೌಸಿಮ್'ನಿಂದಲೇ ಬಂದದ್ದು.

ಗಾಳಿಯಿಂದ ಯಂತ್ರ ತಿರುಗಿಸಿದ ಹಳೆಯ ದಾಖಲೆಗಳೂ ಮುಸ್ಲಿಮ್ ಜಗತ್ತಿನವೇ. ಇರಾನ್ ಮತ್ತು ಅಫ್ಘಾನಿಸ್ತಾನದ ಗಡಿಯಲ್ಲಿ ಸೀಸ್ತಾನ್ ಎಂಬ ಪ್ರದೇಶವಿದೆ. ಅಲ್ಲಿ ಬೇಸಗೆಯಲ್ಲಿ ಸುಮಾರು ನಾಲ್ಕು ತಿಂಗಳು ಬಿಡದೆ ಗಾಳಿ ಬೀಸುತ್ತದೆ, ಅದನ್ನು '120 ದಿನಗಳ ಗಾಳಿ' ಎಂದೇ ಕರೆಯುತ್ತಾರೆ. ಅಲ್ಲಿನ ಗಾಳಿಗಿರಣಿಗಳ ಬಗ್ಗೆ ಹತ್ತನೆಯ ಶತಮಾನದಲ್ಲಿ ಮಸ್‌ಊದಿ ಮತ್ತು ಇಸ್ತಖ್ರಿ ಬರೆದಿಟ್ಟಿದ್ದಾರೆ. ಖುರಾಸಾನಿನ ನಶ್ತೀಫಾನ್ ಎಂಬ ಊರಿನಲ್ಲಿ ಮಣ್ಣು, ಹುಲ್ಲು ಮತ್ತು ಮರದಿಂದ ಕಟ್ಟಿದ ಅಂಥ ಗಿರಣಿಗಳು ಇನ್ನೂ ನಿಂತಿವೆ. ಅವುಗಳ ಕಂಬ ನೆಟ್ಟಗೆ ನಿಂತಿದ್ದು, ರೆಕ್ಕೆಗಳು ಬಾಗಿಲಿನಂತೆ ಅದರ ಸುತ್ತ ತಿರುಗುತ್ತವೆ, ಕೆಳಗಿನ ಬೀಸುಕಲ್ಲು ಗೋಧಿ ಬೀಸುತ್ತದೆ. ತಬರಿಯವರ ಇತಿಹಾಸದಲ್ಲಿ ಇನ್ನೂ ಹಿಂದಿನ ಮಾತೊಂದಿದೆ. ತಾನು ಗಾಳಿಯಿಂದ ಬೀಸುವ ಗಿರಣಿ ಮಾಡಬಲ್ಲೆನೆಂದು ಹೇಳಿಕೊಂಡಿದ್ದ ಇರಾನಿ ಕುಶಲಕರ್ಮಿಯನ್ನು ಖಲೀಫಾ ಉಮರ್(ರ) ಆ ಬಗ್ಗೆ ವಿಚಾರಿಸಿದರೆಂದು. ಮುಂದೆ ಅವನೇ ಅವರ ಹಂತಕನಾದ. ಗಾಳಿಯಿಂದ ಕರೆಂಟು ತೆಗೆದದ್ದು ಮಾತ್ರ ಬಹಳ ಈಚೆಗೆ. ಹಾಗೆ ತೆಗೆದ ಮೊದಲಿಗರಲ್ಲೊಬ್ಬರು, 1887ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕ. ಮಿಕ್ಕ ಕರೆಂಟನ್ನು ಊರಿನ ಬೀದಿ ದೀಪಕ್ಕೆ ಕೊಡುತ್ತೇನೆಂದರೆ ಊರವರು ಇದು ಸೈತಾನನ ಕೆಲಸವೆಂದು ಬೇಡವೆಂದರಂತೆ! ಹೊಸದಕ್ಕೆ ಹೆದರುವುದು ನಮ್ಮವರೊಬ್ಬರ ಗುಣವಲ್ಲ, ನೋಡಿ.

ಈಗ ಲಾಭದ ಮಾತಿಗೆ ಬರೋಣ. ಎರಡು ಮೆಗಾವ್ಯಾಟಿನ ಒಂದು ಯಂತ್ರ ವರ್ಷವಿಡೀ ಪೂರ್ತಿ ಶಕ್ತಿಯಲ್ಲಿ ತಿರುಗುವುದಿಲ್ಲ. ಸರಾಸರಿ ಕಾಲುಭಾಗ ಸಿಕ್ಕಿತೆಂದು ಹಿಡಿದರೂ ವರ್ಷಕ್ಕೆ ಸುಮಾರು 43 ಲಕ್ಷ ಯೂನಿಟ್ ಆಗುತ್ತದೆ. ತಿಂಗಳಿಗೆ ನೂರು ಯೂನಿಟ್ ಸುಡುವ ಮೂರೂವರೆ ಸಾವಿರ ಮನೆಗಳಿಗೆ ಅದು ಸಾಕು. ಇಷ್ಟು ಕರೆಂಟನ್ನು ಕಲ್ಲಿದ್ದಲಿನಿಂದ ತೆಗೆದರೆ ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಉರಿಸಬೇಕು. ಹೊಗೆ, ಹಾರುಬೂದಿ, ಜೊತೆಗೆ ನದಿಯ ನೀರು. ರಾಯಚೂರಿನ ಶಕ್ತಿನಗರಕ್ಕೆ ಹೋದವರಿಗೆ ಬೂದಿಯ ಗುಡ್ಡ ಎಂದರೇನೆಂದು ಗೊತ್ತು. ಗಾಳಿಯಂತ್ರಕ್ಕೆ ಹೊಗೆ ಇಲ್ಲ, ಬೂದಿ ಇಲ್ಲ, ನೀರು ಬೇಡ, ಹೊರದೇಶದಿಂದ ಇಂಧನ ತರಿಸುವ ಗೋಜಿಲ್ಲ. 2025ರ ಮಾರ್ಚ್ ಅಂತ್ಯಕ್ಕೆ ದೇಶದಲ್ಲಿ ಸುಮಾರು 50 ಸಾವಿರ ಮೆಗಾವ್ಯಾಟ್ ಸಾಮರ್ಥ್ಯದ ಗಾಳಿಯಂತ್ರಗಳಿದ್ದವು, ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ನಮ್ಮ ರಾಜ್ಯದಲ್ಲಿ. ಗುಜರಾತ್, ತಮಿಳುನಾಡು ಬಿಟ್ಟರೆ ನಾವೇ. 2024-25ರ ಒಂದೇ ವರ್ಷದಲ್ಲಿ ಹೊಸದಾಗಿ ಅತಿ ಹೆಚ್ಚು ಸೇರಿಸಿದ ರಾಜ್ಯವೂ ಕರ್ನಾಟಕವೇ.

ಇನ್ನೊಂದು ಅನುಕೂಲವಿದೆ, ನಮ್ಮ ನಾಡಿಗೆ ಅದು ವಿಶೇಷ. ನಮ್ಮಲ್ಲಿ ಗಾಳಿ ಜೋರಾಗಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಮೋಡದಿಂದಾಗಿ ಸೂರ್ಯನ ಕರೆಂಟು ಕಡಿಮೆ. ಲಿಂಗನಮಕ್ಕಿಯಂಥ ಜಲಾಶಯಗಳು ತುಂಬಲು ಸಮಯ ಬೇಕು. ಆ ತಿಂಗಳುಗಳಲ್ಲಿ ಗಾಳಿ ಕೈಹಿಡಿದರೆ ಜಲಾಶಯದ ನೀರನ್ನು ಬೇಸಗೆಗೆ ಉಳಿಸಿಕೊಳ್ಳಬಹುದು.

ಆದರೆ 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗಾಳಿ ಬಾರದಿದ್ದರೆ? ಫೆಬ್ರವರಿ, ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆಯ ಕಾಲಕ್ಕೆ, ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ, ಗುಡ್ಡದ ಮೇಲಿನ ಎಷ್ಟೋ ರೆಕ್ಕೆಗಳು ಸುಮ್ಮನೆ ನಿಂತಿರುತ್ತವೆ. ಕರೆಂಟನ್ನು ಅಕ್ಕಿಯಂತೆ ಚೀಲದಲ್ಲಿ ಕಟ್ಟಿಡಲು ಬರುವುದಿಲ್ಲ. ಬ್ಯಾಟರಿ ದುಬಾರಿ. ಮಿಕ್ಕ ಕರೆಂಟಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತಿ, ಬೇಕಾದಾಗ ಇಳಿಸಿ ಕರೆಂಟು ಪಡೆಯುವ ಉಪಾಯವಿದೆ. ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಅಂಥ ಯೋಜನೆಗೆ ಕಾಡು ಹಾಳಾಗುತ್ತದೆಂದು ವಿರೋಧವೂ ಬಂದಿದೆ. ಹಾಗಾಗಿ ಗಾಳಿಯ ಹಿಂದೆ ಕಲ್ಲಿದ್ದಲೋ ನೀರೋ ಯಾವಾಗಲೂ ಕೈಕಟ್ಟಿ ಕಾಯುತ್ತಿರಬೇಕು. ಆ ಕಾಯುವಿಕೆಗೂ ಖರ್ಚಿದೆ. 2023ರಿಂದ ಗೃಹಜ್ಯೋತಿಯಿಂದಾಗಿ ನಮ್ಮಲ್ಲಿ ಅನೇಕರಿಗೆ ಸೊನ್ನೆ ಬಿಲ್ಲು ಬರುತ್ತಿದೆ. ಬಿಲ್ಲು ಸೊನ್ನೆಯಾದರೂ ಖರ್ಚು ಸೊನ್ನೆಯಲ್ಲ.

ಪ್ರಾಣಿ ಪಕ್ಷಿಗಳ ವಿಷಯ. ನಿಧಾನವಾಗಿ ತಿರುಗುವಂತೆ ಕಾಣುವ ರೆಕ್ಕೆಯ ತುದಿಯ ವೇಗ ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಹದ್ದು, ಗಿಡುಗಗಳಿಗೆ ಅದು ಅರಿವಾಗುವುದಿಲ್ಲ, ಬಾವಲಿಗಳಿಗಂತೂ ಇನ್ನೂ ಅಪಾಯ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳ್ಕೇವಾಡಿ ಎಂಬ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಗಳಿರುವ ಜಾಗದಲ್ಲಿ ಬೇಟೆ ಹಕ್ಕಿಗಳು ಯಂತ್ರವಿಲ್ಲದ ಜಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹಕ್ಕಿಯ ಭಯವಿಲ್ಲದ್ದರಿಂದ ಓತಿಕ್ಯಾತಗಳು ಹೆಚ್ಚಿ, ಅವುಗಳ ನಡವಳಿಕೆಯೇ ಬದಲಾಗಿತ್ತು. ಒಂದು ತಿರುಗುವ ರೆಕ್ಕೆ ನೆಲದ ಮೇಲಿನ ಓತಿಯ ಬದುಕನ್ನೂ ಮುಟ್ಟುತ್ತದೆ. ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬಗಳಿವೆ. 2019ರಲ್ಲಿ ಗುಡ್ಡದ 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅಷ್ಟರಲ್ಲಾಗಲೇ ಗುಡ್ಡದ ಮೇಲೆ ಯಂತ್ರಗಳಿದ್ದವು, ಅವಕ್ಕಾಗಿ ಬೆಟ್ಟ ಕಡಿದು ಮಾಡಿದ ರಸ್ತೆಗಳೂ ಇದ್ದವು.

ರೆಕ್ಕೆಯ ಸದ್ದು ಹತ್ತಿರದ ಮನೆಗಳಿಗೆ ರಾತ್ರಿ ಕೇಳಿಸುತ್ತದೆ, ಕೆಲವರಿಗೆ ನಿದ್ದೆಗೆ ತೊಂದರೆಯಾಗುತ್ತದೆ. ಗಾಜಿನ ನಾರಿನಿಂದ ಮಾಡಿದ ರೆಕ್ಕೆಗಳು ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು ಹಳತಾದ ಮೇಲೆ ಅವನ್ನು ಕರಗಿಸಿ ಮತ್ತೆ ಬಳಸುವುದು ಕಷ್ಟ. ಅಮೆರಿಕದಲ್ಲಿ ಅವನ್ನು ತುಂಡು ಮಾಡಿ ಮಣ್ಣಿನಲ್ಲಿ ಹೂತಿದ್ದಾರೆ. ಹಳೆಯ ಯಂತ್ರ ತೆಗೆದು ಹೊಸದು ನಿಲ್ಲಿಸಲು ಕೇಂದ್ರ ಸರಕಾರ 2016ರಲ್ಲಿ ಒಂದು ನೀತಿ ತಂದು, 2023ರಲ್ಲಿ ಅದನ್ನು ತಿದ್ದಿತು.

ಇಷ್ಟನ್ನು ಪುಸ್ತಕ ಓದಿಯೂ ಬರೆಯಬಹುದಿತ್ತು. ಡೋಣಿಯ ಕಡೆ ಹೋಗದಿದ್ದರೆ ತಿಳಿಯುತ್ತಿರಲಿಲ್ಲ ಎನ್ನುವ ಸಂಗತಿ ಬೇರೆ.

ಈಗ ಯಂತ್ರಗಳು ಗುಡ್ಡದಿಂದ ಇಳಿದು ಹೊಲಗಳಿಗೆ ಬಂದಿವೆ. ಗದಗ, ಕೊಪ್ಪಳ ಜಿಲ್ಲೆಗಳ ಎರೆಭೂಮಿಯಲ್ಲಿ ಎತ್ತ ನೋಡಿದರೂ ಅವೇ. ಯಂತ್ರಕ್ಕೆ ಬೇಕಾದ ನೆಲ ಸ್ವಲ್ಪವೇ, ಸುತ್ತಲೂ ಉಳುಮೆ ನಡೆಯುತ್ತದೆ ಎಂಬುದು ನಿಜ. ಆದರೆ ಲಾರಿಗಳಿಗೆ ರಸ್ತೆ ಬೇಕು, ತಂತಿಗೆ ಕಂಬ ಬೇಕು, ಕ್ರೇನ್ ನಿಂತ ಎರೆಮಣ್ಣು ಗಟ್ಟಿಯಾಗಿ ಮತ್ತೆ ಹದಕ್ಕೆ ಬರಲು ವರ್ಷಗಳೇ ಬೇಕು. ನೆಲವನ್ನು ಕೊಂಡರೆ ಒಂದೇ ಸಲ ಹಣ. ಗುತ್ತಿಗೆಗೆ ಪಡೆದರೆ ಇಪ್ಪತ್ತೈದು ಮೂವತ್ತು ವರ್ಷದ ಕರಾರು. ಮಾತುಕತೆ ನಡೆಸುವವನು ದಲ್ಲಾಳಿ. ಸಹಿ ಹಾಕುವವರು ಪಹಣಿಯಲ್ಲಿ ಹೆಸರಿರುವವರು.

ಖಾಲಾನ ಪರಿಚಯದ ಒಬ್ಬ ವಿಧವೆ ನಮಗೆ ಚಹಾ ಮಾಡಿಕೊಟ್ಟರು. ಮನೆಯ ಹಿತ್ತಲಿಂದ ನೋಡಿದರೆ ಒಂದು ಯಂತ್ರ ತಲೆಯ ಮೇಲೇ ಬಂದಂತೆ ಕಾಣುತ್ತದೆ. ಅದು ನಿಂತದ್ದು ಅವರ ತಂದೆಯ ಹೊಲದಲ್ಲಿ. ತಂದೆ ತೀರಿಕೊಂಡಾಗ ಫೌತಿ ಖಾತೆ ಆಯಿತು. ಮೂವರು ಗಂಡುಮಕ್ಕಳ ಹೆಸರು ಪಹಣಿಗೆ ಬಂತು. ಎರಡು ಹೆಣ್ಣುಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿ, ಒಂದೊಂದು ಸೀರೆ ಕೊಡಿಸಿ ಕಳಿಸಿದರು. ಆಗ ಅದು ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವಂಥ ಒಣ ನೆಲ. ತವರು ಉಳಿಯಲಿ ಎಂದು ಇವರೂ ಸುಮ್ಮನಾದರು. ನಾಲ್ಕು ವರ್ಷದ ನಂತರ ಫ್ಯಾನಿನವರು ಬಂದರು.

"ಗಾಳಿ ಅಲ್ಲಾಂದು, ಹೊಲ ಅಬ್ಬಾಂದು, ರೊಕ್ಕ ಮಾತ್ರ ಅಣ್ಣಾರದು" ಎಂದರು ಆಕೆ. ಸಿಟ್ಟಿನಿಂದ ಹೇಳಿದ್ದಲ್ಲ, ಸಕ್ಕರೆ ಸಾಕೋ ಎಂದು ಕೇಳುವಷ್ಟೇ ಸಹಜವಾಗಿ.

"ಅಣ್ಣಂದಿರನ್ನ ಕೇಳಲಿಲ್ವಾ ಆಪಾ?"

"ಕೇಳಿದ್ನಿ. ನೀನ ಬಿಟ್ಟುಕೊಟ್ಟಿಯಲ್ಲ ಅಂದ್ರು. ಈದಿಗೆ ಕರೀತಾರ, ಹೋಗಿ ಬರ್ತೀನಿ. ಹೊಲದ ಕಡೆ ನೋಡಂಗಿಲ್ಲ."

ಸೋದರಿಯರೇ, ಇದರಲ್ಲಿ ಗಾಳಿಯಂತ್ರದ ತಪ್ಪೇನಿದೆ ಎಂದು ನೀವು ಕೇಳಬಹುದು. ಯಂತ್ರದ ತಪ್ಪಿಲ್ಲ. ಆದರೆ ಪವನ ವಿದ್ಯುತ್ತಿನ ಲಾಭ ನಷ್ಟ ಬರೆಯುವವರು ಹಕ್ಕಿಯ ಲೆಕ್ಕ ಹಾಕುತ್ತಾರೆ, ಕಲ್ಲಿದ್ದಲಿನ ಲೆಕ್ಕ ಹಾಕುತ್ತಾರೆ, ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಪಾಲು ಎಂದು ನಿರ್ಣಯಿಸಿದ್ದು ನಾವಲ್ಲ, ಅಲ್ಲಾಹನು. ಒಣ ನೆಲಕ್ಕೆ ಬೆಲೆ ಇಲ್ಲದಾಗ ಆ ಪಾಲನ್ನು ಸೀರೆಯಲ್ಲಿ ಮುಗಿಸಿದ ಮನೆಗಳು ಅದೊಂದೇ ಅಲ್ಲ. ಆ ಅಣ್ಣಂದಿರನ್ನು ನಾನು ಕಂಡಿಲ್ಲ, ಅವರ ಕಷ್ಟ ಅವರಿಗೆ ಇದ್ದೀತು. ಆದರೂ ಪ್ರತಿವರ್ಷ ಬರುವ ಗುತ್ತಿಗೆ ಹಣದಲ್ಲಿ ತಂಗಿಯ ಪಾಲು ಇದೆಯೇ ಎಂದು ಊರಿನ ಜುಮಾ ಮಸೀದಿಯಲ್ಲಿ ಯಾರಾದರೂ ಒಂದು ಸಲ ಕೇಳಬಹುದಿತ್ತು.

ನಿಮ್ಮ ತವರಿನ ಕಡೆಯೂ ಇಂಥ ಯಂತ್ರ ಬರುವ ಮಾತಿದ್ದರೆ ಮೊದಲು ಪಹಣಿ ತೆಗೆಸಿ ನೋಡಿ. ತಂದೆ ತೀರಿದ್ದರೆ ಫೌತಿ ಖಾತೆಯಲ್ಲಿ ನಿಮ್ಮ ಹೆಸರು ಇದೆಯೇ? ಕರಾರಿನ ಕನ್ನಡ ಪ್ರತಿ ಕೇಳಿ, ಓದದೆ ಹೆಬ್ಬೆಟ್ಟು ಒತ್ತಬೇಡಿ. ಎಷ್ಟು ವರ್ಷ, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕರಾರು ಮುಗಿದ ಮೇಲೆ ನೆಲದೊಳಗಿನ ಆ ಭಾರಿ ಕಾಂಕ್ರೀಟನ್ನು ಯಾರು ತೆಗೆಯುತ್ತಾರೆ ಎಂದು ಬರೆಸಿಕೊಳ್ಳಿ. ಈ ಕೊನೆಯ ಪ್ರಶ್ನೆಯನ್ನು ಡೋಣಿಯ ಕಡೆ ನಾನು ಕೇಳಿದ ಯಾವ ರೈತರೂ ದಲ್ಲಾಳಿಯ ಹತ್ತಿರ ಕೇಳಿರಲಿಲ್ಲ.

ಕಪ್ಪತಗುಡ್ಡ ನೋಡಲು ಹೋಗುವುದಾದರೆ ಜುಲೈ, ಆಗಸ್ಟ್ ಒಳ್ಳೆಯದು. ಗುಡ್ಡ ಹಸಿರಾಗಿರುತ್ತದೆ, ರೆಕ್ಕೆಗಳು ತಿರುಗುತ್ತಿರುತ್ತವೆ. ಗದಗದಿಂದ ಡಂಬಳಕ್ಕೆ ಬಸ್ಸುಗಳಿವೆ. ವನ್ಯಜೀವಿ ಧಾಮವಾದ್ದರಿಂದ ಒಳಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ, ಕತ್ತಲಾಗುವ ಮುಂಚೆ ಕೆಳಗಿಳಿಯಿರಿ. ಯಂತ್ರದ ತೀರಾ ಬುಡಕ್ಕೆ ಮಕ್ಕಳನ್ನು ಬಿಡಬೇಡಿ. ನೀರು, ಬುತ್ತಿ ಜೊತೆಗಿರಲಿ, ಮೇಲೆ ಏನೂ ಸಿಗುವುದಿಲ್ಲ. ಅಸರ್ ನಮಾಝನ್ನು ನಾವು ಗುಡ್ಡದ ಬುಡದಲ್ಲೇ ಒಂದು ಬೇವಿನ ಮರದ ಕೆಳಗೆ ನಿರ್ವಹಿಸಿದೆವು. ಜಾನಮಾಝಿನ ನಾಲ್ಕೂ ಮೂಲೆಗೆ ಕಲ್ಲು ಇಡಬೇಕಾಯಿತು. ದುಪಟ್ಟಾಕ್ಕೆ ನಾಲ್ಕು ಪಿನ್ನು ಹೆಚ್ಚೇ ತೆಗೆದುಕೊಂಡು ಹೋಗಿ.